ಎಸಿ ಬಿಚ್ಚಿದ ಬೆಳಿಗ್ಗೆ

ಕೆಳಗಿನ ಬೋಲ್ಟು ಬೆರಳಿಗೆ ಸಿಗುತ್ತಿತ್ತು, ಸ್ಪಾನರಿಗೆ ಸಿಗುತ್ತಿರಲಿಲ್ಲ. ಅಕ್ಕಿಚೀಲ ಹಾಸಿಕೊಂಡು ಕಾರಿನ ಕೆಳಗೆ ಅಂಗಾತ ಮಲಗಿದ್ದ ಸೆನ್ಯೊ ಅದರ ಮೂಲೆಗಳನ್ನು ಒಂದೊಂದಾಗಿ ತಡವಿದ. ಕೈಗೆ ಎಟುಕಿಯೂ ದಕ್ಕದ ಇಂಥವುಗಳ ಮೇಲೆ ಅವನಿಗೆ ಮೊದಲಿನಿಂದಲೂ ಒಂದು ಬಗೆಯ ಹಗೆ. ಮೇಲಿನ ಬೋಲ್ಟುಗಳು ಹೇಳಿದ ಮಾತು ಕೇಳಿ ಬಂದಿದ್ದವು, ಬೆಲ್ಟೂ ಸಡಿಲಾಗಿ ಕಳಚಿ ಬಂದಿತ್ತು. ಇದೊಂದು ಬಿಟ್ಟುಕೊಟ್ಟರೆ ಕಂಪ್ರೆಸರು ಕೆಳಗಿಳಿಯುತ್ತದೆ. ಅಡುಗೆಮನೆಯ ಕಿಟಕಿ ಅವನ ತಲೆಯ ಹಿಂದೆಯೇ ಇತ್ತು. ಅಲ್ಲಿ ಹೆಂಡತಿ ಲೂಮಿಂಗ್ ಬಾಳೆಲೆಯಲ್ಲಿ ಅಂಟಕ್ಕಿಯ ಸುಮಾನ್ ಕಡುಬು ಸುತ್ತಿ ದಾರ ಕಟ್ಟುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿಯುವ ಸದ್ದು ಕೂಡ ಅವನಿಗೆ ಕೇಳಿಸುತ್ತಿತ್ತು, ಅವಳಿಗೆ ಮಾತ್ರ ಇವನ ಸ್ಪಾನರಿನ ಗಲಾಟೆ ಒಂದಿಷ್ಟೂ ಕೇಳಿಸದ ಹಾಗಿತ್ತು. ಇವತ್ತು ಅವಳ ಅಣ್ಣ ಬಾಂದೊಂಗ್ ಸತ್ತ ನಲವತ್ತನೆಯ ದಿನದ ಪ್ರಾರ್ಥನೆ. ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಅಗೊನ್ಸಿಲ್ಯೊದ ಅಣ್ಣನ ಮನೆಯಲ್ಲಿರಬೇಕು. ಆದರೆ ಅಣ್ಣನನ್ನು ಮಣ್ಣು ಮಾಡಿ ಬಂದ ದಿನದಿಂದ ಲೂಮಿಂಗ್ ಈ ಕಾರಿನಲ್ಲಿ ಕಾಲಿಟ್ಟಿಲ್ಲ. ಸಂತೆಗೂ ಬಾಡಿಗೆಯ ಟ್ರೈಸಿಕಲ್ಲು, ಚರ್ಚಿಗೂ ಟ್ರೈಸಿಕಲ್ಲು. ಒಂದು ಭಾನುವಾರವಂತೂ ಅವಳು ಮುಂದೆ ಟ್ರೈಸಿಕಲ್ಲಿನಲ್ಲಿ, ಇವನು ಅದರ ಹೊಗೆ ಕುಡಿಯುತ್ತ ಹಿಂದೆ ಖಾಲಿ ಕಾರಿನಲ್ಲಿ. ಇವತ್ತೂ ಹಾಗೆಯೇ ಹೋಗಿ ಬಂಧುಬಳಗದ ಎದುರು ಇಳಿದಳೆಂದರೆ ಮುಖ ಎಲ್ಲಿಡುವುದು? ಮುಖದ ಮಾತು ಹಾಗಿರಲಿ. ನಲವತ್ತನೆಯ ದಿನವೂ ಅವಳು ಈ ಕಾರು ಹತ್ತಲಿಲ್ಲವೆಂದರೆ ಇನ್ನು ಎಂದಿಗೂ ಹತ್ತುವುದಿಲ್ಲ, ತನ್ನ ಪಕ್ಕದಲ್ಲಿ ಕೂರುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಅದಕ್ಕೇ ಬೆಳಿಗ್ಗೆ ಎದ್ದವನೇ ಎಸಿ ಬಿಚ್ಚಲು ಕೂತಿದ್ದ.

ಬೇಲಿಯ ಆಚೆ ಚಪ್ಪಲಿ ಎಳೆಯುವ ಸದ್ದಾಯಿತು. ಮಾಂಗ್ ತಾಸ್ಯೊ. ಆಯುಷ್ಯವೆಲ್ಲ ಜನ ತುಂಬಿದ ಬಾಡಿಗೆ ಜೀಪ್ನಿ ಓಡಿಸಿ, ಈಗ ಮಂಡಿನೋವು ಎಂದು ಮನೆಯಲ್ಲಿ ಕೂತು, ಕರಿಕಾಫಿಯ ಲೋಟ ಹಿಡಿದುಕೊಂಡು ಕಂಡವರ ಕೆಲಸ ನೋಡುವುದೇ ಕೆಲಸವಾಗಿದ್ದ ಮುದುಕ.

"ಯಾರದಪ್ಪಾ ಈ ಕಾಲು? ಇನ್ನೊಂದು ಹೆಣ ಬಿತ್ತೇನೋ ಅಂದ್ಕೊಂಡೆ."

"ನಂದೇ, ಮಾಂಗ್ ತಾಸ್ಯೊ."

"ಏನು ಕೆಟ್ಟೋಗಿದೆ?"

"ಏನೂ ಕೆಟ್ಟಿಲ್ಲ. ಎಸಿ ಬಿಚ್ತಿದೀನಿ."

ಮುದುಕ ಒಂದು ಗುಟುಕು ಕಾಫಿ ಹೀರಿದ. "ಕೆಟ್ಟಿಲ್ದೆ ಇರೋದನ್ನ?"

"ಪೆಟ್ರೋಲು ಕುಡಿಯುತ್ತೆ. ಏರು ಹತ್ತೋವಾಗ ಇಂಜಿನ್ನು ಏದುಸಿರು ಬಿಡುತ್ತೆ."

"ಹಾಗಾದ್ರೆ ಗುಂಡಿ ಒತ್ತಿ ಆರ್ಸಪ್ಪಾ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು ನಿನ್ನ ಕಥೆ. ಈ ಸೆಕೆಗೆ ಜನ ಎಸಿ ಹಾಕ್ಸೋಕೆ ಸಾಲುಗಟ್ಟಿ ನಿಂತಿದ್ರೆ, ಇವನೊಬ್ಬ."

ನಿನ್ನೆ ಪೇಟೆಯ ಎಸಿ ಅಂಗಡಿಯವನೂ ಇದನ್ನೇ ಹೇಳಿದ್ದ. ಗ್ಯಾಸನ್ನು ಮನೆಯಲ್ಲಿ ಬಿಡುವ ಹಾಗಿಲ್ಲ, ಕಣ್ಣಿಗೆ ಬಡಿದರೆ ಕಣ್ಣೇ ಹೋಗುತ್ತದೆ ಎಂದು ಗೊತ್ತಿದ್ದರಿಂದ ಅದನ್ನು ಯಂತ್ರ ಹಾಕಿ ಎಳೆಸಿಕೊಂಡು ಬರಲು ಸೆನ್ಯೊ ಅವನಲ್ಲಿಗೆ ಹೋಗಿದ್ದ. "ಅಣ್ಣಾ, ತುಂಬಿಸ್ಕೊಳ್ಳೋಕಲ್ವಾ ಬಂದಿದ್ದು?" ಎಂದು ಅವನು ಎರಡು ಸಲ ಕೇಳಿದ. ತೆಗೆಯೋಕೆ ಎಂದಾಗ ಪಕ್ಕದ ಟಯರಿನವನನ್ನು ಕರೆದು ಇವನನ್ನು ತೋರಿಸಿದ. ಸೆನ್ಯೊ ಪೆಟ್ರೋಲಿನ ಲೆಕ್ಕ ಹೇಳಿದ. ನಿಜ ಹೇಳುವುದಾದರೂ ಹೇಗೆ? ನನ್ನ ಭಾವ ಸತ್ತಿದ್ದಾನೆ, ಸತ್ತವನು ನನ್ನ ಎಸಿಯೊಳಗೆ ಕೂತಿದ್ದಾನೆ ಎಂದು ನನ್ನ ಹೆಂಡತಿ ನಂಬಿದ್ದಾಳೆ ಎಂದು ಹೇಳಬಹುದಿತ್ತೇನೋ. ಅಂಗಡಿಯವನು ನಗುತ್ತಿರಲಿಲ್ಲ, ಈ ಊರಿನಲ್ಲಿ ಅಂಥದಕ್ಕೆ ಯಾರೂ ನಗುವುದಿಲ್ಲ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕೆಲಸ ಮುಂದುವರಿಸುತ್ತಿದ್ದ. ನಗುವವನು ಸೆನ್ಯೊ ಒಬ್ಬನೇ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿ ಮೀಟರುಗಳ ನಡುವೆ ಬಾಳು ಸವೆಸುತ್ತ ಬಂದವನಿಗೆ, ಕೊಳಾಯಿಯಲ್ಲಿ ನೀರು ಬರಲಿಲ್ಲವೆಂದರೆ ಎಲ್ಲೋ ಪೈಪು ಒಡೆದಿದೆ ಎಂದೇ ಅರ್ಥ. ಅಂಥವನು ಹೆಂಡತಿ ಹೇಳದೆಯೇ ಹೆಂಡತಿ ನಂಬಿದ ದೆವ್ವಕ್ಕೆ ಹೆದರಿ ಸ್ಪಾನರು ಹಿಡಿದಿದ್ದ. ಅವಳು ಎಸಿಯ ಮಾತು ಎತ್ತಿರಲೇ ಇಲ್ಲ. ಅವಳು ಏನನ್ನೂ ಹೇಳಿರಲಿಲ್ಲ.

ಕಚೇರಿಯಲ್ಲಿ ಎಸಿ ಇದ್ದದ್ದು ಮ್ಯಾನೇಜರರ ಕೋಣೆಯಲ್ಲಿ ಮಾತ್ರ. ಕಡತ ಹಿಡಿದು ಒಳಗೆ ಹೋದವರು ಬೇಕೆಂದೇ ಒಂದು ಪ್ರಶ್ನೆ ಜಾಸ್ತಿ ಕೇಳಿ, ಕಾಲರು ಒಣಗುವವರೆಗೆ ನಿಂತು ಬರುತ್ತಿದ್ದರು. ಸೆನ್ಯೊ ಹಾಗೆ ನಿಲ್ಲುತ್ತಿರಲಿಲ್ಲ, ಅದೊಂದು ಜಂಭ ಅವನಿಗೆ. ತಲೆ ನರೆತ ಮೇಲೆ ಈ ಹಳೆಯ ಕಾರು ಕೊಂಡಾಗ ಅವನು ಮೊದಲು ನೋಡಿದ್ದು ಇಂಜಿನ್ನನ್ನಲ್ಲ, ಟಯರನ್ನಲ್ಲ. ಒಳಗೆ ಕೂತು ಗಾಜು ಏರಿಸಿ ಎಸಿಯ ಎದುರು ಅಂಗೈ ಹಿಡಿದು ನೋಡಿದ್ದ. ಮೊದಲ ದಿನ ಲೂಮಿಂಗಳ ತೋಳಿನ ಮೇಲೆ ರೋಮವೆದ್ದು, ಅವಳು ಅದನ್ನು ಉಜ್ಜಿಕೊಳ್ಳುತ್ತ, "ಸಾಹುಕಾರರೆಲ್ಲ ಹೀಗೇ ಇರ್ತಾರಾ ಸೆನ್ಯೊ, ನಡುಗ್ತಾ?" ಎಂದು ನಕ್ಕಿದ್ದಳು. ಆ ನಗೆಯನ್ನು ಅವನು ಬಹಳ ದಿನ ಜತನವಾಗಿ ಇಟ್ಟುಕೊಂಡಿದ್ದ, ಇನ್ನೊಂದು ನಗೆ ಬಂದು ಅದನ್ನು ಹಾಳು ಮಾಡುವವರೆಗೆ. ಲೂಮಿಂಗಳ ತಂಗಿಯ ಮಗನ ದೀಕ್ಷಾಸ್ನಾನದ ದಿನ ಹಿಂದಿನ ಸೀಟಿನ ತುಂಬ ಬಾಂದೊಂಗ್ ಕೂತಿದ್ದ, ತಲೆಗೆ ಆ ಘಾಟು ಪೊಮೇಡು ಮೆತ್ತಿಕೊಂಡು, ಮಂಡಿ ಅಗಲಿಸಿಕೊಂಡು. ಅಂಗಳದಲ್ಲಿ ಇಳಿದವನೇ ಬಾಗಿಲು ಧಡಾರೆಂದು ಹಾಕಿ ಇಡೀ ಬಳಗಕ್ಕೆ ಕೇಳುವಂತೆ ಹೇಳಿದ: "ನಮ್ಮ ಸೆನ್ಯೊನ ಎಸಿ ಥೇಟು ಸೆನ್ಯೊನ ಹಾಗೇ ಕಣ್ರೋ. ಸದ್ದು ಜಾಸ್ತಿ, ತಂಪು ಕಮ್ಮಿ." ಎಲ್ಲರೂ ನಕ್ಕರು. ಲೂಮಿಂಗ್ ಕೂಡ, ಬಾಯಿಗೆ ಕೈ ಅಡ್ಡ ಹಿಡಿದು. ಆ ಅಡ್ಡ ಹಿಡಿದ ಕೈ ಅವನಿಗೆ ಚುಚ್ಚಿತು. ಬಾಂದೊಂಗನಿಗೆ ಅದೆಲ್ಲ ಎಲ್ಲಿ ಗೊತ್ತು? ಊಟದ ಹೊತ್ತಿಗೆ ಸರಿಯಾಗಿ ಮನೆಯ ಮುಂದೆ ಜೀಪ್ನಿಯ ಹಾರ್ನು ಬಾರಿಸುತ್ತ ಬರುವವನು, ಹೇಳದೆ ಕೇಳದೆ ಅನ್ನದ ಪಾತ್ರೆಯ ಮುಚ್ಚಳ ಎತ್ತಿ ನೋಡುವವನು, ಉಂಡು ತೇಗಿ ಹೋಗುವಾಗ ತಂಗಿಯ ತಲೆಯ ಮೇಲೆ ಕೈಯಿಟ್ಟು ಅಲ್ಲಾಡಿಸುವವನು. ಅದೂ ಸೆನ್ಯೊನಿಗೆ ಸಹಿಸಲಾಗುತ್ತಿರಲಿಲ್ಲ. ಅವನೆಂದೂ ಹೆಂಡತಿಯ ತಲೆಯ ಮೇಲೆ ಹಾಗೆ ಕೈಯಿಟ್ಟವನಲ್ಲ, ಹೇಗೆ ಇಡಬೇಕೆಂದೂ ಅವನಿಗೆ ಗೊತ್ತಿರಲಿಲ್ಲ.

ಸ್ಪಾನರಿಗೆ ಒಂದು ಕಬ್ಬಿಣದ ಕೊಳವೆ ತೊಡಿಸಿ, ಕಾಲನ್ನು ಚಕ್ರಕ್ಕೆ ಒತ್ತಿಕೊಟ್ಟು ಎಳೆದ. ಬೋಲ್ಟು ಕಿರ್ರೆಂದು ಒಮ್ಮೆಲೇ ಬಿಟ್ಟುಕೊಂಡಿತು, ಗೆಣ್ಣಿನ ಚರ್ಮ ಕಿತ್ತುಬಂತು, ಕಂಪ್ರೆಸರಿನ ಭಾರ ಪೂರ್ತಿ ಅವನ ಎದೆಯ ಮೇಲೆ ಕೂತಿತು. ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅವನು ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದ. ಪೈಪಿನ ಬಾಯಿಂದ ಹಸಿರು ಎಣ್ಣೆ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗಲೂ ಭಾರ ಹೀಗೇ ಒಂದೇ ಕಡೆ ಇಳಿದಿತ್ತು. ಅವನನ್ನು ಹಿಂದೆ ಎಡಬದಿಗೆ ನಿಲ್ಲಿಸಿದ್ದರು. ಬಾಂದೊಂಗನ ಕಡೆಯವರು ಆ ಇಡೀ ವಾರ ಅವನನ್ನು ನಿಲ್ಲಿಸಿದಲ್ಲಿ ನಿಲ್ಲಿಸಿದ್ದರು, ಕಳಿಸಿದಲ್ಲಿಗೆ ಕಳಿಸಿದ್ದರು: ಎಸಿ ಕಾರಿದೆಯಲ್ಲ, ಅತ್ತೆಯಂದಿರನ್ನು ಕರೆತಾ ಸೆನ್ಯೊ, ಎಸಿ ಕಾರಿದೆಯಲ್ಲ, ಹೂ ಬಾಡಬಾರದು, ಹೂವಿನ ಚಕ್ರಗಳನ್ನು ತಾ ಸೆನ್ಯೊ. ಸಮಾಧಿಯ ಮೇಲೆ ಕೊನೆಯ ಹಿಡಿ ಮಣ್ಣು ಬಿದ್ದ ಮೇಲೆ ಅವನು ಹೆಂಡತಿಯನ್ನು ಮುಂದೆ ಕೂರಿಸಿಕೊಂಡು ಗಾಜು ಏರಿಸಿದ. ಹೊರಗೆ ರಸ್ತೆಯ ಟಾರು ಕರಗುತ್ತಿತ್ತು, ಒಳಗೆ ತಣ್ಣಗಿತ್ತು, ಇನ್ನು ಯಾರನ್ನೂ ಎಲ್ಲಿಂದಲೂ ಕರೆತರಬೇಕಾಗಿರಲಿಲ್ಲ. ಸಾವಿನ ಮನೆಯಿಂದ ಬರುವವರು ನೆಟ್ಟಗೆ ಮನೆಗೆ ಬರಬಾರದು. ನಡುವೆ ಎಲ್ಲಾದರೂ ಇಳಿದು, ಏನಾದರೂ ಬಾಯಿಗೆ ಹಾಕಿಕೊಂಡು, ಹಿಂದೆಯೇ ಬಂದ ಸತ್ತವನನ್ನು ಅಲ್ಲಿ ಕೊಡವಿ ಬರಬೇಕು. ಮೂರು ವರ್ಷದ ಮಗುವಿಗೂ ಅದು ಗೊತ್ತು. ಬೇಕರಿ ಹತ್ತಿರ ಬಂದಾಗ ಲೂಮಿಂಗ್ ಹೇಳಿದ್ದಳು, "ಸೆನ್ಯೊ, ನಿಲ್ಸು." ಅವನು ನಿಲ್ಲಿಸಲಿಲ್ಲ. "ಈ ಉರಿಬಿಸಿಲಲ್ಲಿ ಯಾರು ಇಳೀತಾರೆ? ಏನೂ ಆಗಲ್ಲ," ಎಂದ. ಬೇಕರಿ ಹಿಂದೆ ಸರಿದುಹೋಯಿತು. ಅದಾದ ಮೇಲೆ ಬಂದ ಪೆಟ್ರೋಲು ಬಂಕೂ ಸರಿದುಹೋಯಿತು. ಲೂಮಿಂಗ್ ಮತ್ತೆ ಹೇಳಲಿಲ್ಲ. ತಾನು ಒಂದು ಹಳೆಯ ರೇಡಿಯೋ ಹಾಡನ್ನು ಗುನುಗುತ್ತಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಮನೆಯ ತಿರುವಿನಲ್ಲಿ. ಥಟ್ಟನೆ ಬಾಯಿ ಮುಚ್ಚಿದ. ಅವನಿಗೆ ಸಂತೋಷವಾಗಿತ್ತು, ಹೆಂಡತಿ ಪಕ್ಕದಲ್ಲಿ ಒದ್ದೆ ಕರವಸ್ತ್ರ ಹಿಂಡುತ್ತ ಕೂತಿದ್ದರೆ ಅವನಿಗೆ, ಈ ಮನುಷ್ಯನಿಗೆ, ಎದೆ ಹಗುರಾಗಿ ಸಂತೋಷವಾಗಿತ್ತು.

"ಪಾಪ, ಬಾಂದೊಂಗ್ ಇದ್ದಿದ್ರೆ ಇದನ್ನ ನೋಡಿ ವರ್ಷಪೂರ್ತಿ ಆಡ್ಕೊಂಡು ನಗ್ತಿದ್ದ," ಎಂದ ಮಾಂಗ್ ತಾಸ್ಯೊ, ಅವನು ಹೊರಗೆ ತೆವಳಿ ಬಂದು ಕಂಪ್ರೆಸರನ್ನು ಮಣ್ಣಿನ ಮೇಲೆ ಇಟ್ಟಾಗ.

"ನಗ್ತಿದ್ದ," ಎಂದ ಸೆನ್ಯೊ.

"ಒಳ್ಳೇ ಗಂಟಲು ಕಣಯ್ಯ ಅವನದು. ಆಚೆ ಬೀದೀಲಿ ನಕ್ಕರೆ ನಮ್ಮನೆ ಕೋಳಿ ಎದ್ದು ಓಡ್ತಿತ್ತು."

ಉಳಿದ ಪೈಪುಗಳನ್ನು ಬಿಚ್ಚಿದ. ರೇಡಿಯೇಟರಿನ ಮುಂದಿದ್ದ ಜಾಲರಿಯನ್ನು ಎಳೆದು ತೆಗೆದ. ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನಲ್ಲಿ ಪೈಪು ತೂರಿದ್ದ ತೂತುಗಳಿಗೆ ಹಳೆಯ ರಬ್ಬರ್ ಚಪ್ಪಲಿ ಕತ್ತರಿಸಿ ಬಿರಡೆ ಹೊಡೆದ. ಕೈ ಕೆಲಸ ಮಾಡುತ್ತಿದ್ದಾಗ ಮನಸ್ಸು ಒಂದೇ ಜಾಗದಲ್ಲಿ ಸುತ್ತುತ್ತಿತ್ತು: ಉಳಿದದ್ದು ಡ್ಯಾಶ್‌ಬೋರ್ಡಿನ ಹಿಂದಿನ ಪೆಟ್ಟಿಗೆ. ಹೆಂಡತಿ ಹೆದರಿದ್ದಾಳೆ ಎಂದು ಅವನು ಹೇಳಿಕೊಳ್ಳುತ್ತಿದ್ದುದು ಪೂರ್ತಿ ನಿಜವಲ್ಲ. ಮಣ್ಣಾದ ಮಾರನೆಯ ದಿನ ಒಬ್ಬನೇ ಕಚೇರಿಗೆ ಹೊರಟಾಗ ಎಸಿ ಹಾಕಿದ್ದ, ಮುಖದ ಮೇಲೆ ತಣ್ಣನೆಯ ಗಾಳಿ ಬಂತು, ಗಾಳಿಯೊಳಗೆ ಮೇಣದಬತ್ತಿ ಬಂತು, ಬಾಡಿದ ಲಿಲ್ಲಿಹೂ ಬಂತು, ಅದರ ಅಡಿಯಲ್ಲಿ ಇಷ್ಟೇ ಇಷ್ಟು ಪೊಮೇಡು. ಗಾಜು ಇಳಿಸಿದ. ಮತ್ತೆ ಏರಿಸಿದ. ಮತ್ತೆ ಬಂತು. ಅಂದಿನಿಂದ ಎಸಿ ಹಾಕದೆ ಬೆವರು ಸುರಿಸುತ್ತ ಓಡಾಡಿದ. ಮಹಡಿಯ ಮೇಲಿನ ಮ್ಯಾನೇಜರು ಅವನ ಅಂಗಿ ನೋಡಿ, ಕಾರು ಮಾರಿಬಿಟ್ರಾ ಎಂದು ಕೇಳಿದರು. ಇಲ್ಲ ಸಾರ್ ಎಂದ. ಯಾರಲ್ಲಿ ಹೇಳುವುದು, ನನ್ನ ಮೇಲೆ ನಕ್ಕವನು ಸತ್ತದ್ದಕ್ಕೆ ನಾನು ಹಾಡಿಕೊಂಡೆ, ಅವನು ಕೇಳಿಸಿಕೊಂಡು ಹಿಂದಿನ ಸೀಟಿನಲ್ಲೇ ಕೂತುಬಿಟ್ಟಿದ್ದಾನೆ ಎಂದು? ಲೂಮಿಂಗಳಿಗೂ ಆ ಹಾಡು ಕೇಳಿಸಿರಬೇಕು. ಅಣ್ಣನನ್ನು ದಾರಿಯಲ್ಲಿ ಶಾಸ್ತ್ರಕ್ಕೆ ಕೊಡವದೆ, ಅಲೆಯುವ ಪ್ರೇತ ಮಾಡಿ ಮನೆಗೆ ತಂದವನು ಎಂದು ಅವಳು ತನ್ನನ್ನು ಕಾರಿನ ಜೊತೆಯೇ ದೂರ ಇಟ್ಟಿದ್ದಾಳೆ. ಇಡಲಿ, ತಪ್ಪೇನು? ತಾನಾದರೂ ಇಡುತ್ತಿದ್ದೆ.

ಪೆಟ್ಟಿಗೆ ಹೊರಬಂತು. ತೊಡೆಯ ಮೇಲಿಟ್ಟುಕೊಂಡು ಕ್ಲಿಪ್ಪುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿ ಎಬ್ಬಿಸಿದ, ಒಂದು ಮುರಿಯಿತು. ಮುಚ್ಚಳ ತೆಗೆಯುವ ಮುಂಚೆ ಅವನು ಸುತ್ತಲೂ ನೋಡಿದ. ಮುದುಕ ಲೋಟ ತೊಳೆಯಲು ಒಳಗೆ ಹೋಗಿದ್ದ. ಮನಸ್ಸಿನಲ್ಲೇ, ತುಟಿ ಅಲ್ಲಾಡಿಸದೆ, ತಪ್ಪಾಯ್ತು ಕುಯಾ ಎಂದ. ಬದುಕಿದ್ದಾಗ ಒಂದು ದಿನವೂ ಅವನನ್ನು ಬಾಯಿತುಂಬ ಕುಯಾ, ಅಣ್ಣಾ, ಎಂದು ಕರೆದವನಲ್ಲ. ತೆರೆದ. ಒಳಗೆ ತಂಪಿನ ಸುರುಳಿಯ ರೆಕ್ಕೆಗಳ ಮೇಲೆ ಹೂವಿನ ಪಕಳೆಗಳು ಮೆತ್ತಿಕೊಂಡಿದ್ದವು. ಕಂದಾಗಿ ಕೊಳೆತ ಲಿಲ್ಲಿಯ ಪಕಳೆಗಳು, ಚಕ್ರದ ಹುಲ್ಲು, ಒದ್ದೆ ಧೂಳು, ಮಸಿ. ಮುಂದಿನ ಸೀಟಿನಲ್ಲಿ ಒಟ್ಟಿ ತಂದ ಹೂವಿನ ಚಕ್ರಗಳಿಂದ ಉದುರಿದ್ದನ್ನು ಫ್ಯಾನು ಕಾಲಬುಡದಿಂದ ಒಳಗೆ ಎಳೆದುಕೊಂಡಿತ್ತು, ಅಷ್ಟೆ. ಎಲ್ಲೋ ಪೈಪು ಒಡೆದಿತ್ತು, ಅಷ್ಟೆ. ಮೂಗು ಹತ್ತಿರ ತಂದ. ಕೊಳೆತ ಹೂವಿನ ವಾಸನೆ. ಪೊಮೇಡಿಗಾಗಿ ಇನ್ನೊಮ್ಮೆ ಹುಡುಕಿದ, ಇರಲಿಲ್ಲ. ಉಸ್ಸೆಂದು ಉಸಿರು ಬಿಟ್ಟು ಮಣ್ಣಿನ ಮೇಲೆಯೇ ಕೂತ. ನಿರಾಳವಾಗಬೇಕಿತ್ತು, ಆಯಿತೂ ಹೌದು. ಆದರೆ ಆ ನಿರಾಳದ ಒಂದು ಮೂಲೆಯಲ್ಲಿ, ಬಾಗಿಲು ಬಡಿದು ಯಾರೂ ಇಲ್ಲವೆಂದು ತಿಳಿದವನ ಪೆಚ್ಚೂ ಇತ್ತು. ಕ್ಷಮೆ ಕೇಳಿದ್ದು ದಂಡವಾಯಿತಲ್ಲ ಎಂದುಕೊಂಡು ಅವನಿಗೆ ನಗು ಬಂತು.

ಖಾಲಿ ಪೆಟ್ಟಿಗೆಯನ್ನು ತೊಳೆದು ಒಣಗಿಸಿ ಮತ್ತೆ ಕೂರಿಸಿದ, ಬರೀ ಗಾಳಿಯಾದರೂ ಬರಲಿ ಎಂದು. ಆ ಸುರುಳಿಯನ್ನು ಮಾತ್ರ ಬಟ್ಟೆ ತೊಳೆಯುವ ಬೋಗುಣಿಯಲ್ಲಿಟ್ಟುಕೊಂಡು ಅಡುಗೆಮನೆಗೆ ಒಯ್ದ. ಸುಮಾನ್ ಬೆಂದು ಆರುತ್ತಿತ್ತು. ಲೂಮಿಂಗ್ ಕಪ್ಪು ಲಂಗ ಉಟ್ಟು ಆಗಲೇ ತಯಾರಾಗಿದ್ದಳು.

"ನೋಡು," ಎಂದ. "ವಾಸನೆ ಇದರದ್ದು. ಹೂವು ಕೊಳೆತಿದ್ದು. ಬೇರೇನೂ ಇರ್ಲಿಲ್ಲ ಒಳಗೆ. ಯಾರೂ ಇರ್ಲಿಲ್ಲ. ಪೂರ್ತಿ ಬಿಚ್ಚಿ ತೆಗ್ದಿದೀನಿ. ಇನ್ನು ಹೆದ್ರಬೇಡ."

ಲೂಮಿಂಗ್ ಬೋಗುಣಿ ನೋಡಿದಳು, ಅವನ ಅಂಗಿಯ ಹಸಿರು ಎಣ್ಣೆ ನೋಡಿದಳು, ಗೆಣ್ಣಿನ ರಕ್ತ ನೋಡಿದಳು. "ಯಾವ ವಾಸನೆ?" ಎಂದಳು.

"ಎಸಿಯದು. ನೀನು ಅದಕ್ಕೇ ಅಲ್ವಾ ಕಾರು ಹತ್ತದೆ ಇದ್ದಿದ್ದು?"

"ನಂಗೆ ಯಾವ ವಾಸನೇನೂ ಬರ್ಲಿಲ್ಲ. ಮಣ್ಣು ಮಾಡಿ ಬಂದ್ಮೇಲೆ ನಾನು ಅದ್ರಲ್ಲಿ ಕೂತಿದ್ರೆ ತಾನೇ ವಾಸನೆ ಬರೋದು?"

"ಮತ್ತೆ ನಾನು ಅವತ್ತು ನಿಲ್ಲಿಸ್ಲಿಲ್ಲ ಅಂತ..."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬಾಳೆಲೆಯ ಚೂರೊಂದನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ನಿಲ್ಸು ಅಂದಿದ್ದು ಬಾಯಿಮಾತಿಗೆ ಕಣೋ. ಅನ್ನದೆ ಇದ್ರೆ ತಪ್ಪಾಗುತ್ತೆ ಅಂತ. ನೀನೆಲ್ಲಿ ನಿಲ್ಸಿಬಿಡ್ತೀಯೋ ಅಂತ ನಂಗೆ ಎದೆ ಡವಡವ ಅಂತಿತ್ತು."

"ಅಂದ್ರೆ?"

"ಅಂದ್ರೆ ಏನು? ನಿಲ್ಸಿದ್ರೆ ಅವ್ನು ಆ ಬೇಕರೀಲೇ ಉಳ್ಕೊಂಡ್ಬಿಡ್ತಿದ್ದ. ಗುರುತಿಲ್ಲದ ಜಾಗದಲ್ಲಿ, ಆ ಬಿಸಿಲಲ್ಲಿ. ನೀನು ನಿಲ್ಲಿಸ್ಲಿಲ್ಲ. ಅವ್ನು ನಮ್ಮ ಜೊತೆ ಮನೆಗೆ ಬಂದ." ಅವಳು ಒಲೆಯ ಕಡೆ ಗದ್ದ ಎತ್ತಿ ತೋರಿಸಿದಳು, ಅಲ್ಲಿ ಕೂತಿರುವವರನ್ನು ತೋರಿಸುವ ಹಾಗೆ. "ಇಷ್ಟು ದಿನ ಇಲ್ಲೇ ಇದ್ದ. ನಾನು ಕಾರಲ್ಲಿ ಬಂದ್ರೆ ಎಲ್ಲಿ ನನ್ನ ಹಿಂದೇನೇ ಹತ್ತಿ, ಸಂತೆಯಲ್ಲೋ ಇನ್ನೆಲ್ಲೋ ಇಳ್ದು ದಾರಿ ತಪ್ತಾನೋ ಅಂತ ಹತ್ತಲಿಲ್ಲ. ಅವ್ನು ಕಾರಿಗೆ ಅಂದ್ರೆ ಮಕ್ಕಳ ಹಾಗೆ ಓಡಿ ಬರ್ತಿದ್ದ, ನಿಂಗೊತ್ತಲ್ಲ. ಟ್ರೈಸಿಕಲ್ ಹತ್ತಲ್ಲ ಅವ್ನು, ಮಂಡಿ ಹಿಡಿಯಲ್ಲ ಅದ್ರಲ್ಲಿ."

ಸೆನ್ಯೊ ಬೋಗುಣಿ ಹಿಡಿದುಕೊಂಡೇ ನಿಂತಿದ್ದ. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ನಗ್ತಿದ್ದೆ." ಅವಳು ತಲೆ ಎತ್ತಲಿಲ್ಲ. "ಇಲ್ಲಾ, ಬೇಕಂತ್ಲೇ ಕರ್ಕೊಂಡೋಗಿ ಎಲ್ಲಾದ್ರೂ ಇಳಿಸಿ ಬರ್ತಿದ್ದೆ. ಅವನನ್ನ ಕಂಡ್ರೆ ನಿಂಗೆ ಆಗ್ತಿರ್ಲಿಲ್ಲ. ನಂಗೇನು ಕಣ್ಣಿಲ್ವಾ."

ಅದು ಸುಳ್ಳೆಂದು ಹೇಳಲು ಬಾಯಿ ತೆರೆದ. ಅವನ ಬಾಯಿಗೆ ಬಂದದ್ದು ಬೇರೆ. "ಅವತ್ತು ನಾನು ಹಾಡ್ತಿದ್ದೆ ಲೂಮಿಂಗ್. ಬರ್ತಾ ದಾರೀಲಿ."

"ಕೇಳಿಸ್ತು."

"ದುಃಖಕ್ಕೆ ಹಾಡಿದ್ದಲ್ಲ ಅದು."

"ಗೊತ್ತು ಬಿಡು. ಅವ್ನಿಗೂ ಆ ಹಾಡು ಇಷ್ಟ ಇತ್ತು." ಅವಳು ಎದ್ದು ಬೋಗುಣಿಯನ್ನು ಅವನ ಕೈಯಿಂದ ತೆಗೆದು ಹಿತ್ತಲ ಬಾಗಿಲಾಚೆ ಇಟ್ಟಳು. ತಿರುಗಿ ಬಂದು ಅವನ ಗೆಣ್ಣನ್ನು ನಲ್ಲಿಯ ಕೆಳಗೆ ಹಿಡಿದಳು, ನೀರು ಕೆಂಪಾಗಿ ಹರಿದು ತಿಳಿಯಾಯಿತು. ಅವನು ಸಿಂಕಿಗೆ ಒರಗಿದ. ಎಸಿ ಬಿಚ್ಚಿದ್ದು ಪೂರ್ತಿ ದಂಡ. ಮಾಂಗ್ ತಾಸ್ಯೊ ಹೇಳಿದ ಮೂಗಿನ ಕಥೆಯೇ ಸರಿ. ಅವನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ತಾನು ಯಾವುದಕ್ಕೆ ಅಪರಾಧಿ ಎಂದುಕೊಂಡಿದ್ದನೋ ಅದಕ್ಕೆ ಹೆಂಡತಿ ಇಷ್ಟು ದಿನ ಒಳಗೊಳಗೇ ತನ್ನನ್ನು ಹರಸುತ್ತಿದ್ದಳು.

"ಹೋಗಿ ಸ್ನಾನ ಮಾಡು, ಹೊತ್ತಾಗುತ್ತೆ. ಇವತ್ತು ಅವ್ನು ಹೊರಡೋ ದಿನ. ಹೊರಡೋದಾದ್ರೆ ಅವ್ನ ಮನೆಯಿಂದ ಹೊರಡ್ಲಿ. ನಾವು ಕರ್ಕೊಂಡೋಗಿ ಬಿಡ್ಬೇಕು."

"ಕಾರಲ್ಲಿ?"

"ಮತ್ತಿನ್ಯಾವುದ್ರಲ್ಲಿ? ಮೊನ್ನೆಯಿಂದ ಹೇಗಪ್ಪಾ ಕೇಳೋದು ಇವನನ್ನ ಅಂತ ಒದ್ದಾಡ್ತಿದ್ದೆ. ನೀನು ನೋಡಿದ್ರೆ ಬೆಳಿಗ್ಗೆ ಎದ್ದು ಅದರ ಕರುಳೇ ಕಿತ್ತು ಅಂಗಳದಲ್ಲಿ ಹಾಕ್ಕೊಂಡು ಕೂತಿದೀಯ. ಓಡುತ್ತೋ ಇಲ್ವೋ ಅದು?"

ಓಡಿತು. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ನು ಹಿಡಿದುಕೊಂಡಿತು. ಹೊರೆ ಇಳಿಸಿದವರ ಹಾಗೆ ಹಗುರವಾಗಿ ಓಡುತ್ತಿತ್ತು. ಸೆನ್ಯೊ ಗಾಜುಗಳನ್ನೆಲ್ಲ ಪೂರ್ತಿ ಇಳಿಸಿದ. ಬೇಲಿಯ ಬಳಿ ಮಾಂಗ್ ತಾಸ್ಯೊ ಎರಡನೆಯ ಲೋಟ ಹಿಡಿದು ನಿಂತಿದ್ದ. ಲೂಮಿಂಗ್ ಸುಮಾನ್ ಬುಟ್ಟಿ ತಂದು ಮುಂದಿನ ಸೀಟಿನ ಕಾಲಬುಡದಲ್ಲಿ ಇಟ್ಟಳು. ಹತ್ತಲಿಲ್ಲ. ಹಿಂದಿನ ಬಾಗಿಲು ತೆರೆದು, ಮನೆಯ ಕಡೆ ನೋಡುತ್ತ, ಬಾಗಿಲು ಹಿಡಿದುಕೊಂಡು ನಿಂತಳು. ಸೀಟಿನ ಮೇಲೆ ಅವನ ಸ್ಪಾನರುಗಳ ಡಬ್ಬಿ ಇತ್ತು. ಸೆನ್ಯೊ ಹಿಂದಕ್ಕೆ ಕೈ ಚಾಚಿ ಅದನ್ನು ಎತ್ತಿ ತನ್ನ ಕಾಲಬುಡಕ್ಕೆ ಇಟ್ಟುಕೊಂಡ. ಡ್ರೈವರಿನ ಸೀಟನ್ನೂ ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡ. ಅವನ ಮಂಡಿ ಸ್ಟೇರಿಂಗಿಗೆ ತಾಗಿತು. ಲೂಮಿಂಗ್ ಅದನ್ನು ನೋಡಿದಳು. ಇನ್ನೂ ಒಂದು ಕ್ಷಣ ಕಾದು, ಬಾಗಿಲನ್ನು ಮೆಲ್ಲಗೆ ಒತ್ತಿ ಹಾಕಿ, ಬಂದು ಅವನ ಪಕ್ಕದಲ್ಲಿ ಕೂತಳು.

"ಕೂತನಾ?" ಎಂದು ಕೇಳಿದ ಸೆನ್ಯೊ.

"ಕೂತ. ನಡುವೆ ಎಲ್ಲೂ ನಿಲ್ಲಿಸ್ಬೇಡ."

"ಇಲ್ಲ," ಎಂದ. ಬಿಸಿಗಾಳಿ ನಾಲ್ಕೂ ಕಡೆಯಿಂದ ನುಗ್ಗುತ್ತಿತ್ತು, ಅವಳ ಕೂದಲು ಹಾರಿ ಅವನ ಕೆನ್ನೆಗೆ ಬಡಿಯುತ್ತಿತ್ತು, ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ಬೇಕರಿ ಬಂತು. ಅವನು ವೇಗ ತಗ್ಗಿಸದೆ ದಾಟಿಸಿದ. ದಾಟಿಸಿದ ಮೇಲೆ, ತಲೆ ತಿರುಗಿಸದೆ, ಹಿಂದಿನ ಸೀಟಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಸ್ವಲ್ಪ ಸೆಕೆ ಆಗುತ್ತೆ ಕುಯಾ. ಸಹಿಸ್ಕೋ."